ಜೀವನಾಂಶದ ಆದೇಶ ಕಪಾಟಿನಲ್ಲಿಡುವ ಕಾಗದವಲ್ಲ



ಕಳೆದ ತಿಂಗಳು ನಮಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂದಿನಂತೆ ಹಾಡಿನ ಕೋರಿಕೆಗಳು. ಅವುಗಳ ನಡುವೆ ಡೊಂಬಿವಲಿಯ ಒಬ್ಬ ಸೋದರಿಯ ಎರಡು ಪುಟದ ಪತ್ರವೂ ಇತ್ತು. ಅವರು ಯಾವ ಹಾಡನ್ನೂ ಕೇಳಿರಲಿಲ್ಲ. ಗಂಡ ಹೆಂಡಿರು ಬೇರೆಯಾಗಿದ್ದಾರೆ. ಮಗ ಐದನೇ ತರಗತಿ, ತಾಯಿಯ ಜತೆಗಿದ್ದಾನೆ. ಮಗನಿಗೆ ತಿಂಗಳಿಗೆ 6,000 ರೂಪಾಯಿ ಜೀವನಾಂಶವನ್ನು ಪ್ರತಿ ತಿಂಗಳ 10ನೇ ತಾರೀಖಿನೊಳಗೆ ಕೊಡಬೇಕೆಂದು ಕೋರ್ಟು ಆದೇಶ ಮಾಡಿದೆ. ಅಲ್ಲಿಯವರೆಗಿನ ಬಾಕಿಯನ್ನು ಆತ ಕೋರ್ಟಿನಲ್ಲೇ ಕಟ್ಟಿ ಹೋದರಂತೆ. ಆಮೇಲೆ 14 ತಿಂಗಳು ಕಳೆದಿವೆ, ಒಂದು ಪೈಸೆ ಬಂದಿಲ್ಲ. ಆತ ಈಗ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದ್ದಾರೆ. "ಆದೇಶವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದೇನೆ. ಈಗ ಹುಬ್ಬಳ್ಳಿಗೆ ಹೋಗಿ ಮತ್ತೆ ಮೊದಲಿನಿಂದ ಕೇಸು ಹಾಕಬೇಕೇ?" ಎಂಬುದು ಅವರ ಪ್ರಶ್ನೆ.

ಬೇಕಿಲ್ಲ. ಆದರೆ ಆದೇಶವನ್ನು ಅಷ್ಟು ಭದ್ರವಾಗಿ, ಅಷ್ಟು ದಿನ ಇಟ್ಟುಕೊಂಡದ್ದರಿಂದ ಅವರಿಗೆ ಈಗಾಗಲೇ ಒಂದಿಷ್ಟು ನಷ್ಟವಾಗಿದೆ. ಇದನ್ನು ವಿವರಿಸಲು ಕಾರ್ಯಕ್ರಮದ ನಡುವಿನ ಹತ್ತು ನಿಮಿಷ ಸಾಲದು. ವಕೀಲ ಮಿತ್ರರೊಡನೆ ಕೂತು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ ನಷ್ಟದ ಮಾತು. ಜೀವನಾಂಶದ ಆದೇಶ ಆದ ಮಾತ್ರಕ್ಕೆ ಕೋರ್ಟು ತಾನಾಗಿ ತಿಂಗಳು ತಿಂಗಳು ಹಣ ವಸೂಲು ಮಾಡಿ ಕೊಡುವುದಿಲ್ಲ. ಹಣ ಬರದಿದ್ದರೆ "ಬಂದಿಲ್ಲ" ಎಂದು ನಾವೇ ಹೋಗಿ ಹೇಳಬೇಕು, ಅದಕ್ಕೊಂದು ಅರ್ಜಿ ಕೊಡಬೇಕು. ಆ ಅರ್ಜಿಗೆ ವಾಯಿದೆ ಇದೆ. ಯಾವ ಕಂತು ಯಾವ ದಿನ ಸಲ್ಲಬೇಕಿತ್ತೋ ಆ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮಾತ್ರ ಕೋರ್ಟು ಆ ಕಂತಿಗೆ ವಸೂಲಿ ವಾರಂಟು ಹೊರಡಿಸಬಹುದು. ಈ ಸೋದರಿಯ 14 ಕಂತುಗಳಲ್ಲಿ ಮೊದಲ ಎರಡು ಆಗಲೇ ವರ್ಷ ದಾಟಿವೆ. ಎಂದರೆ 84,000 ರೂಪಾಯಿ ಬಾಕಿಯಲ್ಲಿ 72,000ಕ್ಕೆ ವಾರಂಟು ಕೇಳಬಹುದು, ಉಳಿದ 12,000ಕ್ಕೆ ಆ ದಾರಿ ಮುಚ್ಚಿದೆ. ಸುಮ್ಮನೆ ಕೂತ ಪ್ರತಿ ತಿಂಗಳೂ ಇನ್ನೊಂದು 6,000 ಹೀಗೆ ಜಾರುತ್ತಾ ಹೋಗುತ್ತದೆ.

ಹಾಗಂತ ಆ 12,000 ಸತ್ತ ಸಾಲವೇನಲ್ಲ. ತಮಿಳುನಾಡಿನಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ವರ್ಷದ ವಾಯಿದೆ ವಾರಂಟು ಮತ್ತು ಜೈಲಿನ ದಾರಿಗೆ ಮಾತ್ರ, ಹಣದ ಮೇಲಿನ ಹಕ್ಕು ಅದರಿಂದ ಅಳಿಯುವುದಿಲ್ಲ, ಸಿವಿಲ್ ದಾರಿಯಲ್ಲಿ ಅದನ್ನು ಕೇಳಬಹುದು ಎಂದು. ಆದರೆ ಸಿವಿಲ್ ದಾರಿಯ ಉದ್ದ ಎಷ್ಟೆಂಬುದು ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಗೊತ್ತೇ ಇದೆ.

ಯಾವ ಕಾನೂನು, ಯಾವ ಊರು

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಇನ್ನೂ ಕೋರ್ಟಿಗೆ ಹೋಗಿಲ್ಲದವರೂ ಈ ಪುಟ ಓದುತ್ತಿರಬಹುದು.

"ನೂರ ಇಪ್ಪತ್ತೈದು" ಎಂದರೆ ಸಾಕು, ಕೋರ್ಟಿನ ಜವಾನನಿಗೂ ಜೀವನಾಂಶದ ಕೇಸೆಂದು ಗೊತ್ತಾಗುತ್ತಿತ್ತು. ಅದು 1973ರ ದಂಡ ಪ್ರಕ್ರಿಯಾ ಸಂಹಿತೆಯ ಕಲಂ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯ 125 ಈಗ 144 ಆಗಿದೆ. ಅರ್ಜಿ ಎಲ್ಲಿ ಹಾಕಬೇಕೆನ್ನುವ 126 ಈಗ 145, ಮೊತ್ತ ಬದಲಿಸುವ 127 ಈಗ 146, ಜಾರಿಯ 128 ಈಗ 147. ಆ ದಿನಕ್ಕೆ ಮೊದಲೇ ವಿಚಾರಣೆಯಲ್ಲಿದ್ದ ಅರ್ಜಿಗಳು ಹಳೆಯ ಸಂಹಿತೆಯ ಪ್ರಕಾರವೇ ಮುಂದುವರಿಯುತ್ತವೆ. ನಂಬರು ಬದಲಾಯಿತೆಂದು ಗಾಬರಿ ಬೇಡ, ತಿರುಳು ಅದೇ.

ಈ ಕಲಮಿಗೆ ಜಾತಿ ಮತದ ಭೇದವಿಲ್ಲ. ಮಗು ಮದುವೆಯೊಳಗೆ ಹುಟ್ಟಿತೋ ಹೊರಗೆ ಹುಟ್ಟಿತೋ ಎಂಬುದನ್ನೂ ಅದು ನೋಡುವುದಿಲ್ಲ. ತನ್ನನ್ನು ತಾನು ಸಾಕಿಕೊಳ್ಳಲಾಗದ ಅಪ್ರಾಪ್ತ ಮಗುವಿಗೆ, ಕೊಡಲು ಶಕ್ತಿಯಿರುವ ತಂದೆ ಕೊಡಬೇಕು, ಅಷ್ಟೇ. ವಿಚ್ಛೇದಿತ ಮುಸ್ಲಿಂ ತಾಯಿಯ ಬಳಿ ಇರುವ ಮಕ್ಕಳಿಗೂ ಪ್ರಾಯಕ್ಕೆ ಬರುವವರೆಗೆ ಈ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 1997ರಲ್ಲೇ ಹೇಳಿದೆ. ಸಾಮಾನ್ಯವಾಗಿ 18 ವರ್ಷದವರೆಗೆ. ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ದುಡಿಯಲಾಗದ ಮಕ್ಕಳಿಗೆ ಆಮೇಲೂ ಉಂಟು. ಹಿಂದೂ ಕುಟುಂಬಗಳಲ್ಲಿ ಮದುವೆಯಾಗದ, ಸ್ವಂತ ಆದಾಯವಿಲ್ಲದ ಮಗಳು 18 ದಾಟಿದ ಮೇಲೂ 1956ರ ದತ್ತಕ ಮತ್ತು ಜೀವನಾಂಶ ಕಾಯಿದೆಯಲ್ಲಿ ಕೇಳಬಹುದು.

ಇದಲ್ಲದೆ ಇನ್ನೂ ಬಾಗಿಲುಗಳಿವೆ. ವಿಚ್ಛೇದನದ ಕೇಸು ನಡೆಯುತ್ತಿದ್ದರೆ ಅದರೊಳಗೇ ಮಕ್ಕಳ ಖರ್ಚು ಕೇಳಬಹುದು. ಮನೆಯಲ್ಲಿ ಹಿಂಸೆ ನಡೆದಿದ್ದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ತಾಯಿಗೂ ಮಕ್ಕಳಿಗೂ ಹಣ ಕೇಳಬಹುದು. ಒಂದಕ್ಕಿಂತ ಹೆಚ್ಚು ಕಡೆ ಕೇಳಿದ್ದರೆ ಅದನ್ನು ಮುಚ್ಚಿಡಬಾರದು. ಮೊದಲ ಆದೇಶದ ಮೊತ್ತವನ್ನು ಎರಡನೆಯ ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಹೊರನಾಡಿನ ನಮ್ಮವರಿಗೆ ನಿಜವಾದ ತಲೆನೋವು ಊರಿನದು. ಮದುವೆ ಕುಂದಾಪುರದಲ್ಲಿ, ಸಂಸಾರ ಮುಂಬಯಿಯಲ್ಲಿ, ಜಗಳವಾದ ಮೇಲೆ ಹೆಂಡತಿ ಮಗುವಿನ ಜತೆ ಉಡುಪಿಯ ತವರಿನಲ್ಲಿ, ಗಂಡ ಹೈದರಾಬಾದಿನಲ್ಲಿ. ಅರ್ಜಿ ಎಲ್ಲಿ? ಗಂಡ ಇರುವ ಜಿಲ್ಲೆಯಲ್ಲಿ ಹಾಕಬಹುದು, ಹೆಂಡತಿ ವಾಸವಿರುವ ಜಿಲ್ಲೆಯಲ್ಲಿ ಹಾಕಬಹುದು, ಇಬ್ಬರೂ ಕೊನೆಯ ಬಾರಿ ಒಟ್ಟಿಗಿದ್ದ ಜಿಲ್ಲೆಯಲ್ಲೂ ಹಾಕಬಹುದು. ಎಂದರೆ ಉಡುಪಿ, ಮುಂಬಯಿ, ಹೈದರಾಬಾದು ಮೂರೂ ಸರಿ. ಮದುವೆಯಾದ ಊರಿಗೇ ಹೋಗಬೇಕೆಂಬ ನಿಯಮ ಈ ಅರ್ಜಿಗಿಲ್ಲ. ಆದ್ದರಿಂದ ತಾಯಿಗೆ ಓಡಾಡಲು ಯಾವುದು ಹತ್ತಿರವೋ ಅದನ್ನೇ ಆರಿಸಿಕೊಳ್ಳುವುದು ಜಾಣತನ. ಕೇಸು ಒಂದು ದಿನದಲ್ಲಿ ಮುಗಿಯುವುದಿಲ್ಲ, ಪ್ರತಿ ತಾರೀಖಿಗೂ ರಜೆ, ರೈಲಿನ ಖರ್ಚು, ಮಗುವನ್ನು ನೋಡಿಕೊಳ್ಳುವವರು ಬೇಕು.

ದೊಡ್ಡ ನಗರಗಳಲ್ಲಿ ಇದು ಹೋಗುವುದು ಕೌಟುಂಬಿಕ ನ್ಯಾಯಾಲಯಕ್ಕೆ. ಮುಂಬಯಿಯದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿದೆ, ಪುಣೆಯದು ಶಿವಾಜಿನಗರದಲ್ಲಿ. ದಿಲ್ಲಿಯವರಿಗೆ ಸಾಕೇತ್, ದ್ವಾರಕಾ, ರೋಹಿಣಿ ಹೀಗೆ ಬೇರೆ ಬೇರೆ ಕಡೆ ಇವೆ. ಕೌಟುಂಬಿಕ ನ್ಯಾಯಾಲಯವಿಲ್ಲದ ಜಾಗದಲ್ಲಿ ಮ್ಯಾಜಿಸ್ಟ್ರೇಟರ ಕೋರ್ಟು.

ಭಾಷೆಯ ಬಗ್ಗೆ ಒಂದು ಮಾತು. ಮಗುವಿನ ಜನನ ಪತ್ರ, ಮದುವೆಯ ಕರೆಯೋಲೆ, ಊರಿನ ಪಹಣಿ ಎಲ್ಲ ಕನ್ನಡದಲ್ಲಿರುತ್ತವೆ. ಹೊರರಾಜ್ಯದ ಕೋರ್ಟಿಗೆ ಅವುಗಳ ಅನುವಾದ ಬೇಕಾಗುತ್ತದೆ. ಇದನ್ನು ಮೊದಲೇ ಮಾಡಿಸಿಟ್ಟುಕೊಂಡರೆ ಒಂದೆರಡು ತಾರೀಖು ಉಳಿಯುತ್ತದೆ. ಮರಾಠಿಯಲ್ಲೋ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಟೈಪಾಗಿ ಬಂದ ಕಾಗದಕ್ಕೆ, ಅದರಲ್ಲಿ ಏನಿದೆ ಎಂದು ಯಾರಾದರೂ ಕನ್ನಡದಲ್ಲಿ ಓದಿ ಹೇಳುವವರೆಗೆ ಸಹಿ ಹಾಕಬೇಡಿ. ಸಂಕೋಚಪಟ್ಟು ಸಹಿ ಹಾಕಿ ಆಮೇಲೆ ಪರದಾಡಿದವರನ್ನು ನಾವು ಕಂಡಿದ್ದೇವೆ.

ಎಷ್ಟು ಕೇಳುವುದು, ಹೇಗೆ ತೋರಿಸುವುದು

ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿಲ್ಲ ಎಂಬ ಮಿತಿ ಒಂದು ಕಾಲದಲ್ಲಿ ಈ ಕಾನೂನಿನಲ್ಲಿತ್ತು. 2001ರ ತಿದ್ದುಪಡಿಯಲ್ಲಿ ಅದು ಹೋಯಿತು. ಈಗ ಮೊತ್ತಕ್ಕೆ ಮಿತಿ ಇಲ್ಲ, ಸಿದ್ಧ ಕೋಷ್ಟಕವೂ ಇಲ್ಲ. ಮಗುವಿನ ಅಗತ್ಯ, ತಂದೆ ತಾಯಿಯ ಆದಾಯ, ಕುಟುಂಬ ಬದುಕುತ್ತಿದ್ದ ರೀತಿ ಇವನ್ನೆಲ್ಲ ನೋಡಿ ಕೋರ್ಟು ತೀರ್ಮಾನಿಸುತ್ತದೆ. ಅದೇ ತಿದ್ದುಪಡಿಯಲ್ಲಿ ಮಧ್ಯಂತರ ಜೀವನಾಂಶವೂ ಬಂತು. ಕೇಸು ಮುಗಿಯುವವರೆಗೆ ಮಗು ಉಪವಾಸ ಇರಬೇಕಿಲ್ಲ. ಮಧ್ಯಂತರ ಅರ್ಜಿಯನ್ನು ಎದುರಾಳಿಗೆ ನೋಟೀಸು ತಲುಪಿದ 60 ದಿನಗಳೊಳಗೆ ಸಾಧ್ಯವಾದಷ್ಟೂ ಮುಗಿಸಬೇಕೆಂದು ಕಾನೂನು ಹೇಳುತ್ತದೆ. "ಸಾಧ್ಯವಾದಷ್ಟೂ" ಎಂಬ ಪದವನ್ನು ಎಲ್ಲರೂ ಬಳಸಿಕೊಳ್ಳುತ್ತಾರೆ, ಆದ್ದರಿಂದ ಮುಖ್ಯ ಅರ್ಜಿಯ ಜತೆಗೇ ಮಧ್ಯಂತರ ಅರ್ಜಿಯನ್ನೂ ಹಾಕಿಬಿಡಿ.

ಇಲ್ಲಿ ಒಂದು ತೀರ್ಪಿನ ಹೆಸರನ್ನು ಬರೆದಿಟ್ಟುಕೊಳ್ಳಿ: ರಜನೀಶ್ ವಿರುದ್ಧ ನೇಹಾ, ಸುಪ್ರೀಂ ಕೋರ್ಟು, 2020ರ ನವೆಂಬರ್ 4. ನಾಗಪುರದ ಕೌಟುಂಬಿಕ ನ್ಯಾಯಾಲಯದಲ್ಲಿ ಶುರುವಾದ ಒಂದು ಜೀವನಾಂಶದ ಕೇಸು ದಿಲ್ಲಿಗೆ ಹೋಯಿತು. 2013ರಿಂದ ನಡೆಯುತ್ತಿದ್ದ ಕೇಸು ಅದು. ಆದೇಶ ಇದ್ದೂ ಹಣ ಸರಿಯಾಗಿ ಸಿಗದ ಕಥೆ. ಇಡೀ ದೇಶದ ಕೋರ್ಟುಗಳು ಜೀವನಾಂಶದ ಅರ್ಜಿಗಳನ್ನು ಹೇಗೆ ನಡೆಸಬೇಕೆಂದು ಆ ತೀರ್ಪು ದಾರಿ ಹಾಕಿಕೊಟ್ಟಿತು.

ಅದರ ಪ್ರಕಾರ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕು. ಸಂಬಳ ಚೀಟಿ, ಬ್ಯಾಂಕಿನ ಲೆಕ್ಕ, ತೆರಿಗೆಯ ಕಾಗದ ಜತೆಗಿರಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಕೋರ್ಟು ಅದನ್ನು ಮುಚ್ಚಿಟ್ಟವರ ವಿರುದ್ಧವೇ ಅರ್ಥೈಸಬಹುದು, ಸುಳ್ಳು ಪ್ರಮಾಣಕ್ಕೆ ಕ್ರಮವೂ ಆಗಬಹುದು. ಎರಡನೆಯದಾಗಿ, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು, ಆದೇಶವಾದ ದಿನದಿಂದಲ್ಲ. ಮೊದಲು ಇದು ಒಂದೊಂದು ಕೋರ್ಟಿನಲ್ಲಿ ಒಂದೊಂದು ಥರ ಇತ್ತು. ಕೇಸನ್ನು ಎಳೆದಷ್ಟೂ ಲಾಭ ಎನ್ನುತ್ತಿದ್ದವರಿಗೆ ಅಲ್ಲೊಂದು ಕಡಿವಾಣ ಬಿತ್ತು.

ಸಂಬಳ ಚೀಟಿ ಇರುವವರದು ಸುಲಭ. ನಮ್ಮ ಕೇಳುಗರಲ್ಲಿ ಹೋಟೆಲು, ಕ್ಯಾಂಟೀನು, ಬಾರುಗಳಲ್ಲಿ ದುಡಿಯುವವರು ಬಹಳ. ಅಲ್ಲಿ ಸಂಬಳ ಕೈಗೆ ನಗದು. "ನನಗೆ ಎಂಟು ಸಾವಿರ ಸಂಬಳ, ಊಟ ವಸತಿ ಸೇಟಿನದು" ಎಂದು ಹೇಳಿಬಿಟ್ಟರೆ ತಾಯಿ ಏನು ಮಾಡಬೇಕು? ಬಾಯಿಮಾತಿಗಿಂತ ಖರ್ಚು ಹೆಚ್ಚು ಹೇಳುತ್ತದೆ. ಎಂಟು ಸಾವಿರ ಸಂಬಳದವನು ಬೈಕಿನ ಸಾಲಕ್ಕೆ ಐದು ಸಾವಿರ ಕಂತು ಹೇಗೆ ಕಟ್ಟುತ್ತಿದ್ದಾನೆ? ಊರಿನ ಮನೆಗೆ ತಾರಸಿ ಹಾಕಿಸಿದ ದುಡ್ಡು ಎಲ್ಲಿಂದ? ವಿಮೆಯ ಕಂತು, ಬ್ಯಾಂಕಿಗೆ ಬಂದು ಹೋಗುವ ಹಣ, ಮೊಬೈಲಿನಿಂದ ಮಾಡಿದ ಪಾವತಿಗಳು, ಹೆಸರಿನಲ್ಲಿರುವ ಜಮೀನು, ಚಿಟ್ ಫಂಡು ಇವನ್ನೆಲ್ಲ ಗೊತ್ತಿದ್ದಷ್ಟು ಬರೆದು ಕೊಡಬೇಕು. ಕೆಲಸವೇ ಇಲ್ಲ ಎನ್ನುವವರಿಗೂ ಸುಪ್ರೀಂ ಕೋರ್ಟು 2022ರಲ್ಲಿ ಉತ್ತರ ಕೊಟ್ಟಿದೆ. ಕೈಕಾಲು ಗಟ್ಟಿಯಿದ್ದವನು ಮೈಮುರಿದು ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು, ಆದಾಯವಿಲ್ಲ ಎಂಬುದು ನೆಪವಾಗದು ಎಂದು.

ತಾಯಿ ದುಡಿಯುತ್ತಿದ್ದರೆ? ಮಗುವಿನ ಪಾಲು ಅದರಿಂದ ಇಲ್ಲವಾಗುವುದಿಲ್ಲ, ಹಂಚಿಕೆಯಾಗುತ್ತದೆ. 2000ದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ ತಂದೆ ತಾಯಿ ಇಬ್ಬರೂ ನೌಕರಿಯಲ್ಲಿದ್ದರು, ತಂದೆಯ ಸಂಬಳ ಹೆಚ್ಚುಕಡಿಮೆ ತಾಯಿಯದಕ್ಕಿಂತ ಎರಡರಷ್ಟು. ಮಕ್ಕಳ ಖರ್ಚಿನಲ್ಲಿ ತಂದೆ ಎರಡು ಪಾಲು, ತಾಯಿ ಒಂದು ಪಾಲು ಎಂದು ಕೋರ್ಟು ತೀರ್ಮಾನಿಸಿತು. ನ್ಯಾಯವಾದ ಲೆಕ್ಕವೇ.

ರಾಜಿ ಮಾಡಿಕೊಳ್ಳುವುದಾದರೆ

ಜಗಳ ಬೇಡ, ಕೂತು ಮಾತಾಡೋಣ ಎನ್ನುವವರೇ ಹೆಚ್ಚು. ಅದು ಒಳ್ಳೆಯದೇ. ಕೌಟುಂಬಿಕ ನ್ಯಾಯಾಲಯದ ಕಾನೂನೇ ಮೊದಲು ರಾಜಿಗೆ ಪ್ರಯತ್ನಿಸಬೇಕೆನ್ನುತ್ತದೆ. ಅಲ್ಲಿ ಆಪ್ತ ಸಲಹೆಗಾರರಿರುತ್ತಾರೆ, ಮಧ್ಯಸ್ಥಿಕೆ ಕೇಂದ್ರಗಳಿರುತ್ತವೆ. ಆದರೆ ನಮ್ಮಲ್ಲಿ ಬಹಳ ರಾಜಿಗಳು ನಡೆಯುವುದು ಸಂಘದ ಹಿರಿಯರ ಮನೆಯಲ್ಲಿ ಅಥವಾ ಸೋದರಮಾವನ ಅಂಗಡಿಯ ಹಿಂದಿನ ಕೋಣೆಯಲ್ಲಿ. 100 ರೂಪಾಯಿ ಛಾಪಾ ಕಾಗದ ತಂದು, "ಮಗುವಿಗೆ ತಿಂಗಳಿಗೆ ಇಷ್ಟು ಕೊಡುತ್ತೇನೆ" ಎಂದು ಬರೆದು, ನಾಲ್ಕು ಸಾಕ್ಷಿ ಹಾಕಿ, ಕಾಫಿ ಕುಡಿದು ಏಳುತ್ತಾರೆ. ನಾಲ್ಕು ತಿಂಗಳು ಹಣ ಬರುತ್ತದೆ. ಐದನೇ ತಿಂಗಳಿನಿಂದ ಫೋನು ಎತ್ತುವುದಿಲ್ಲ.

ಆ ಕಾಗದಕ್ಕೆ ಪುರಾವೆಯಾಗಿ ಬೆಲೆಯಿದೆ, ಆದರೆ ಅದನ್ನು ಹಿಡಿದುಕೊಂಡು ಹೋದರೆ ಯಾವ ಕೋರ್ಟೂ ನೇರವಾಗಿ ವಾರಂಟು ಕೊಡುವುದಿಲ್ಲ. ಅದೇ ಒಪ್ಪಂದವನ್ನು ಕೋರ್ಟಿನ ಮುಂದಿಟ್ಟು ಆದೇಶವಾಗಿ ಮಾಡಿಸಿಕೊಂಡರೆ, ಅಥವಾ ಲೋಕ ಅದಾಲತಿನಲ್ಲಿ ದಾಖಲಿಸಿಕೊಂಡರೆ ಅದಕ್ಕೆ ಹಲ್ಲು ಬರುತ್ತದೆ. ಲೋಕ ಅದಾಲತಿನ ತೀರ್ಮಾನ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಹಿರಿಯರು ಕೂರಿಸಿ ಮಾತಾಡಿಸಲಿ, ಬೇಡವೆನ್ನುವುದಿಲ್ಲ. ಕೊನೆಯ ಸಹಿ ಮಾತ್ರ ಕೋರ್ಟಿನಲ್ಲಿ ಬೀಳಲಿ.

ಬರೆಸುವಾಗ ಮೊತ್ತವೊಂದನ್ನೇ ಬರೆಸಿ ಸುಮ್ಮನಾಗಬೇಡಿ. ಯಾವ ತಾರೀಖಿನೊಳಗೆ, ಯಾವ ಬ್ಯಾಂಕ್ ಖಾತೆಗೆ, ವರ್ಷಕ್ಕೆ ಎಷ್ಟು ಏರಿಕೆ, ಜೂನ್ ತಿಂಗಳ ಶಾಲೆಯ ಫೀಸು ಇದರಲ್ಲೇ ಸೇರಿದೆಯೋ ಬೇರೆಯೋ, ಆಸ್ಪತ್ರೆಯ ಖರ್ಚು ಬಂದರೆ ಯಾರು ಎಷ್ಟು ಎಂಬುದೆಲ್ಲ ಇರಲಿ. ಒಂದನೇ ತರಗತಿಯಲ್ಲಿ ಸಾಕಾಗುತ್ತಿದ್ದ ನಾಲ್ಕು ಸಾವಿರ ಎಂಟನೇ ತರಗತಿಗೆ ಸಾಲುವುದಿಲ್ಲ. ಆಮೇಲೆ ಮೊತ್ತ ಹೆಚ್ಚಿಸಿ ಎಂದು 146ನೇ ಕಲಮಿನಲ್ಲಿ ಕೇಳಬಹುದು ನಿಜ, ಆದರೆ ಅದು ಇನ್ನೊಂದು ಅರ್ಜಿ, ಇನ್ನೊಂದಷ್ಟು ತಾರೀಖು.

ಇನ್ನು ನಮ್ಮ ಹೆಣ್ಣುಮಕ್ಕಳಿಗೆ ಹೇಳಲೇಬೇಕಾದ ಮಾತೊಂದಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ, ಹೇಗಾದರೂ ಇದರಿಂದ ಬಿಡುಗಡೆಯಾದರೆ ಸಾಕೆಂದು, "ನನಗೂ ಬೇಡ, ಮಗುವಿಗೂ ಬೇಡ, ಅವನ ದುಡ್ಡು ಮುಟ್ಟುವುದಿಲ್ಲ" ಎಂದು ಬರೆದುಕೊಟ್ಟು ಬರುವವರಿದ್ದಾರೆ. ಆ ಸ್ವಾಭಿಮಾನವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ತಾಯಿ ಬಿಟ್ಟುಕೊಡಬಹುದಾದದ್ದು ತನ್ನ ಪಾಲನ್ನು. ಮಗುವಿನ ಪಾಲು ಮಗುವಿನದು, ಅದನ್ನು ಬಿಟ್ಟುಕೊಡುವ ಅಧಿಕಾರ ತಾಯಿಗಿಲ್ಲ ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಹಾಗೆ ಬರೆದುಕೊಟ್ಟು ಬಂದವರೂ ಮಗುವಿನ ಪರವಾಗಿ ಈಗ ಅರ್ಜಿ ಹಾಕಬಹುದು. "ಸಹಿ ಮಾಡಿಬಿಟ್ಟೆನಲ್ಲ" ಎಂದು ಕೊರಗುತ್ತಿರುವ ಕೇಳುಗರು ಯಾರಾದರೂ ಇದ್ದರೆ ಈ ಸಾಲನ್ನು ಎರಡು ಸಲ ಓದಿ.

ಇದರ ಇನ್ನೊಂದು ಮುಖವೂ ಇದೆ. "ಮಗುವನ್ನು ನೋಡಲು ಬಿಡುವುದಿಲ್ಲ, ಅದಕ್ಕೇ ದುಡ್ಡು ನಿಲ್ಲಿಸಿದೆ" ಎಂದು ತಂದೆಯರು ಬರೆಯುತ್ತಾರೆ. "ದುಡ್ಡು ಕೊಡುವುದಿಲ್ಲ, ಅದಕ್ಕೇ ಮಗುವನ್ನು ತೋರಿಸುವುದಿಲ್ಲ" ಎಂದು ತಾಯಂದಿರು. ಕಾನೂನಿನ ಕಣ್ಣಿನಲ್ಲಿ ಇವು ಎರಡು ಬೇರೆ ವಿಷಯ. ಭೇಟಿಗೆ ಅಡ್ಡಿಯಾದರೆ ತಂದೆ ಭೇಟಿಗಾಗಿ ಅರ್ಜಿ ಹಾಕಬೇಕು, ಹಣ ಬರದಿದ್ದರೆ ತಾಯಿ ವಸೂಲಿಗಾಗಿ. ಒಂದನ್ನು ಒತ್ತೆಯಿಟ್ಟು ಇನ್ನೊಂದನ್ನು ಕೇಳಿದರೆ ನಡುವೆ ನಲುಗುವುದು ಶಾಲೆಯ ಡೈರಿಯಲ್ಲಿ "ಫೀಸು ಬಾಕಿ" ಎಂದು ಬರೆಸಿಕೊಂಡು ಬರುವ ಮಗು.

ಬಾಕಿ ವಸೂಲಿ

ಈಗ ಡೊಂಬಿವಲಿಯ ಪ್ರಶ್ನೆಗೆ ಬರೋಣ. ಜೀವನಾಂಶದ ಆದೇಶದ ಒಂದು ಪ್ರತಿಯನ್ನು ಕೋರ್ಟು ಶುಲ್ಕವಿಲ್ಲದೆ ಕೊಡಬೇಕು. ಅದನ್ನು ಹಿಡಿದು, ಆದೇಶ ಕೊಟ್ಟ ಕೋರ್ಟಿನಲ್ಲೇ ವಸೂಲಿ ಅರ್ಜಿ ಹಾಕಬಹುದು. ಇಲ್ಲವೇ, 147ನೇ ಕಲಮಿನ ಪ್ರಕಾರ, ಹಣ ಕೊಡಬೇಕಾದ ವ್ಯಕ್ತಿ ಈಗ ಎಲ್ಲಿದ್ದಾನೋ ಆ ಊರಿನಲ್ಲೇ ಜಾರಿಗೆ ಕೇಳಬಹುದು. ಅಲ್ಲಿನ ಮ್ಯಾಜಿಸ್ಟ್ರೇಟರು ನೋಡುವುದು ಎರಡೇ ಸಂಗತಿ. ಆದೇಶದಲ್ಲಿರುವವರು ಇವರೇ ಹೌದೇ, ಹಣ ನಿಜವಾಗಿ ಬಾಕಿ ಇದೆಯೇ. ಕೇಸನ್ನು ಮತ್ತೆ ಮೊದಲಿನಿಂದ ನಡೆಸುವುದಿಲ್ಲ. ಊರಿನಲ್ಲಿ ಅಣ್ಣನೋ ಅಪ್ಪನೋ ಓಡಾಡಲು ಇದ್ದರೆ ಹುಬ್ಬಳ್ಳಿಯ ದಾರಿ ಒಳ್ಳೆಯದು. ಯಾರೂ ಇಲ್ಲದಿದ್ದರೆ ಇಲ್ಲೇ ಹಾಕಿ.

ಅರ್ಜಿಯ ಜೀವ ಒಂದು ಸಣ್ಣ ಪಟ್ಟಿಯಲ್ಲಿದೆ. ಯಾವ ತಿಂಗಳು, ಯಾವ ದಿನ ಸಲ್ಲಬೇಕಿತ್ತು, ಎಷ್ಟು ಸಲ್ಲಬೇಕಿತ್ತು, ಎಷ್ಟು ಬಂತು, ಬಾಕಿ ಎಷ್ಟು. ಜತೆಗೆ ಹಣ ಬರಬೇಕಿದ್ದ ಖಾತೆಯ ಪಾಸ್‌ಬುಕ್ಕಿನ ಪ್ರತಿ. ನಗದಾಗಿ ಏನಾದರೂ ಬಂದಿದ್ದರೆ ಅದನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಇಡೀ ಪಟ್ಟಿಯೇ ಸಂಶಯಕ್ಕೆ ಬೀಳುತ್ತದೆ.

ನೋಟೀಸು ಹೋಗುತ್ತದೆ. ತಕ್ಕ ಕಾರಣವಿಲ್ಲದೆ ಕೊಟ್ಟಿಲ್ಲ ಎಂದು ಕಂಡರೆ ಕೋರ್ಟು ದಂಡ ವಸೂಲು ಮಾಡುವ ರೀತಿಯಲ್ಲೇ ವಾರಂಟು ಹೊರಡಿಸುತ್ತದೆ. ಚರಾಸ್ತಿಯನ್ನು ಜಪ್ತಿ ಮಾಡಿ ಮಾರಬಹುದು. ಅಥವಾ ಜಿಲ್ಲಾಧಿಕಾರಿಗೆ ಬರೆದು, ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸಬಹುದು. ಈ ಎರಡನೆಯದನ್ನು ನಮ್ಮವರು ಗಮನಿಸಬೇಕು. ನಗರದಲ್ಲಿ ಬಾಡಿಗೆ ಕೋಣೆ ಬಿಟ್ಟರೆ ಏನೂ ಇಲ್ಲದವನ ಹೆಸರಿನಲ್ಲಿ ಊರಲ್ಲಿ ಎರಡು ಎಕರೆ ಅಡಿಕೆ ತೋಟ ಇರಬಹುದು. ಕಂದಾಯದ ಬಾಕಿಯ ದಾರಿ ಸ್ಥಿರಾಸ್ತಿಗೂ ಹೋಗುತ್ತದೆ. ಪಹಣಿಯಲ್ಲಿ ಆತನ ಹೆಸರಿದ್ದರೆ ಅದರ ಪ್ರತಿ ತೆಗೆಸಿ ಅರ್ಜಿಗೆ ಲಗತ್ತಿಸಿ.

ವಾರಂಟಾದ ಮೇಲೂ ಹಣ ಬಾರದಿದ್ದರೆ ಜೈಲು. ಒಂದು ತಿಂಗಳವರೆಗೆ, ಅದಕ್ಕೆ ಮೊದಲೇ ಹಣ ಕಟ್ಟಿದರೆ ಕಟ್ಟುವವರೆಗೆ. ಇಲ್ಲಿ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. "ಒಳಗೆ ಹೋಗಿ ಬಂದೆ, ಲೆಕ್ಕ ಚುಕ್ತಾ" ಎಂದು ಎದೆ ತಟ್ಟಿ ಹೇಳುವವರಿದ್ದಾರೆ. ಚುಕ್ತಾ ಆಗುವುದಿಲ್ಲ. ಜೈಲು ಹಣ ಕೊಡಿಸುವ ಒತ್ತಡವೇ ಹೊರತು ಹಣಕ್ಕೆ ಬದಲಿ ಅಲ್ಲ, ಬಾಕಿ ಹಾಗೆಯೇ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ.

ನಿಜ ಹೇಳಬೇಕೆಂದರೆ, ಜೈಲಿಗೆ ಕಳಿಸುವುದಕ್ಕಿಂತ ಸಂಬಳಕ್ಕೆ ಕೈಹಾಕುವುದು ಮಗುವಿಗೆ ಹೆಚ್ಚು ಉಪಯೋಗ. ಒಳಗಿರುವವನು ದುಡಿಯುವುದಿಲ್ಲ. ಜೀವನಾಂಶದ ಆದೇಶವನ್ನು ಸಿವಿಲ್ ಕೋರ್ಟಿನ ಹಣದ ಡಿಕ್ರಿಯಂತೆ ಜಾರಿ ಮಾಡಬಹುದೆಂದು 2020ರ ಆ ತೀರ್ಪು ಹೇಳಿದೆ. ಹಾಗೆ ಜಾರಿ ಮಾಡುವಾಗ ಸಂಬಳದ ಜಪ್ತಿಗೆ ಸಿವಿಲ್ ಸಂಹಿತೆಯ 60ನೇ ಕಲಂ ಅನ್ವಯಿಸುತ್ತದೆ. ಬ್ಯಾಂಕಿನ ಸಾಲದಂಥ ಮಾಮೂಲಿ ಬಾಕಿಗೆ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲನ್ನು ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಗೆ ಲೆಕ್ಕ ತಿರುಗಾಮುರುಗ. ರಕ್ಷಣೆ ಇರುವುದು ಮೂರರಲ್ಲಿ ಒಂದು ಪಾಲಿಗೆ ಮಾತ್ರ, ಉಳಿದ ಎರಡು ಪಾಲಿನವರೆಗೂ ಹಿಡಿಯಬಹುದು. 30,000 ಸಂಬಳದಲ್ಲಿ 20,000ದವರೆಗೆ. ಸರಕಾರಿ ನೌಕರಿಯಾದರೂ ಖಾಸಗಿ ಕಂಪನಿಯಾದರೂ ಕೋರ್ಟು ಸಂಬಳ ಕೊಡುವವರಿಗೇ ಬರೆಯುತ್ತದೆ. ಕೌಟುಂಬಿಕ ಹಿಂಸೆ ಕಾಯಿದೆಯ ಆದೇಶವಾದರೆ 20ನೇ ಕಲಮಿನಲ್ಲೇ ಈ ಅನುಕೂಲವಿದೆ. ಸಂಬಳದ ಒಂದು ಭಾಗವನ್ನು ನೇರವಾಗಿ ಆಕೆಗೇ ಕೊಡಿ ಎಂದು ಮಾಲೀಕನಿಗೆ ಮ್ಯಾಜಿಸ್ಟ್ರೇಟರು ಹೇಳಬಹುದು. ಆದ್ದರಿಂದ ಆತ ಈಗ ಯಾವ ಕಂಪನಿಯಲ್ಲಿದ್ದಾನೆ, ಅದರ ಕಚೇರಿ ಎಲ್ಲಿ ಎಂಬುದು ತಿಳಿದರೆ ಅರ್ಧ ಕೆಲಸ ಆದಂತೆ.

ಉಳಿದ ಅರ್ಧ ಅಲೆದಾಟ. ನೋಟೀಸು "ಮನೆಗೆ ಬೀಗ" ಎಂಬ ಷರಾದೊಂದಿಗೆ ವಾಪಸು ಬರುತ್ತದೆ. ವಾರಂಟು ಇನ್ನೊಂದು ಜಿಲ್ಲೆಯ ಪೊಲೀಸ್ ಠಾಣೆಯ ಕಡತದಲ್ಲಿ ನಿದ್ದೆ ಹೋಗುತ್ತದೆ. ಒಂದೇ ವಿಳಾಸ ಕೊಡದೆ, ಗೊತ್ತಿರುವ ಎಲ್ಲ ವಿಳಾಸ ಕೊಡಿ. ಬಾಡಿಗೆ ಮನೆ, ಊರಿನ ಮನೆ, ಕೆಲಸದ ಜಾಗ. ವಾರಂಟು ಯಾವ ಠಾಣೆಗೆ, ಯಾವ ದಿನ ಹೋಯಿತೆಂದು ಕೋರ್ಟಿನ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ತಾರೀಖು ಮೊಬೈಲಿನಲ್ಲೇ ಸಿಗುತ್ತದೆ, ವಕೀಲರಿಗೆ ಹತ್ತು ಸಲ ಫೋನು ಮಾಡುವುದು ತಪ್ಪುತ್ತದೆ.

ತಂದೆಯರಿಗೂ ಎರಡು ಮಾತು. ಕೆಲಸ ಹೋಯಿತು, ಕಾಯಿಲೆ ಬಂತು ಎಂದರೆ ಹಣ ನಿಲ್ಲಿಸಿ ಕಣ್ಮರೆಯಾಗಬೇಡಿ. ಮೊತ್ತ ಕಡಿಮೆ ಮಾಡಿ ಎಂದು ಕೂಡಲೇ ಅರ್ಜಿ ಹಾಕಿ. ಆ 146ನೇ ಕಲಂ ಇರುವುದು ಎರಡೂ ಕಡೆಯವರಿಗೆ. ಅದು ತೀರ್ಮಾನವಾಗುವವರೆಗೆ ಆಗುವಷ್ಟನ್ನಾದರೂ ಬ್ಯಾಂಕಿನ ಮೂಲಕ ಕಟ್ಟುತ್ತಿರಿ. ಹಬ್ಬಕ್ಕೆ ಕೊಡಿಸಿದ ಸೈಕಲ್ಲು, ಅಂಗಿ, ಕೈಗೆ ಕೊಟ್ಟ ಐನೂರು ಇವು ಪ್ರೀತಿಯ ಲೆಕ್ಕಕ್ಕೆ ಸೇರುತ್ತವೆ, ಕೋರ್ಟಿನ ಲೆಕ್ಕಕ್ಕೆ ಸೇರುತ್ತವೆಂದು ನಂಬಿ ಕೂರಬೇಡಿ.

ವಕೀಲರ ಖರ್ಚಿಗೆ ಹೆದರಿ ಸುಮ್ಮನಿರುವವರು ತಿಳಿಯಬೇಕಾದ್ದು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಪ್ರತಿ ಜಿಲ್ಲಾ ಕೋರ್ಟಿನ ಆವರಣದಲ್ಲೂ ಅದರ ಕಚೇರಿ ಇದೆ. ಸಹಾಯವಾಣಿ 15100. ಮಹಿಳಾ ಸಹಾಯವಾಣಿ 181.

ಡೊಂಬಿವಲಿಯ ಸೋದರಿಗೆ ನಾವು ಉತ್ತರ ಬರೆದಾಗ 10ನೇ ತಾರೀಖಿಗೆ ಆರು ದಿನ ಉಳಿದಿತ್ತು. ಆ ದಿನ ದಾಟಿದರೆ ಮೂರನೆಯ ಕಂತೂ ಜಾರುತ್ತದೆ, ಅದಕ್ಕೆ ಮೊದಲು ಹೋಗಿ ಎಂದು ಬರೆದೆವು. ಮೊನ್ನೆ ಫೋನು ಮಾಡಿದ್ದರು. ಉಚಿತ ನೆರವಿನ ವಕೀಲರ ಮೂಲಕ 9ನೇ ತಾರೀಖಿಗೆ 72,000 ರೂಪಾಯಿಗೆ ಅರ್ಜಿ ಹಾಕಿದ್ದಾರೆ. ಹುಬ್ಬಳ್ಳಿಯ ಮನೆಗೂ ಕಚೇರಿಗೂ ನೋಟೀಸು ಹೋಗಿದೆ. ಹಣ ಇನ್ನೂ ಬಂದಿಲ್ಲ, ಮುಂದಿನ ತಾರೀಖು ಬರುವ ತಿಂಗಳು. ಪ್ಲಾಸ್ಟಿಕ್ ಕವರು ಈಗ ಅವರ ಕೈಚೀಲದಲ್ಲಿದೆಯಂತೆ.